ಮನಿಯವರು ಬಂದ್ರ ಇಳಸ್ತೇನಿ

ನಮ್ಮ ಮನೆಯಲ್ಲಿ ನಗು ಹುಡುಕಿಕೊಂಡು ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ. ಮಗ ಬೆಳಿಗ್ಗೆ ಗಾಡಿ ಚಾಲೂ ಮಾಡಿಕೊಂಡು ಹೋದರೆ ಸಾಕು, ಸಂಜೆಗೆ ಅದರಲ್ಲೇ ತುಂಬಿಕೊಂಡು ಬರುತ್ತಾನೆ.

ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಆಡಿಸಿ ಮುಗಿಸಿದ ಮುದುಕಿ ನಾನು. ಉಳಿದವನು ಇವನೊಬ್ಬ. ಹಾನಗಲ್ಲಿನಲ್ಲಿ ಶಾಲೆಯ ವ್ಯಾನು ಓಡಿಸುತ್ತಾನೆ. ಮಕ್ಕಳ ವಿಷಯದಲ್ಲಿ ಭಾಳ ಕಟ್ಟುನಿಟ್ಟು ನೋಡ್ರಿ. ಗಾಡಿ ನಿಂತಾಗೆಲ್ಲ ತಲೆ ಎಣಿಸುತ್ತಾನೆ. ಗಾಡಿಯೊಳಗೆ ತಿನ್ನಲು ಬಿಡುವುದಿಲ್ಲ. ಮನೆಯವರು ಬಾಗಿಲಿಗೆ ಬಂದು ಕೈ ಹಿಡಿದುಕೊಳ್ಳುವತನಕ ಯಾವ ಮಗುವನ್ನೂ ಇಳಿಸುವುದಿಲ್ಲ. ಗುರುತಿಲ್ಲದವರು ಬಂದು ಚಿಕ್ಕಪ್ಪ ಅಂದರೂ ಅಷ್ಟೇ, ಸೋದರಮಾವ ಅಂದರೂ ಅಷ್ಟೇ. "ಇವತ್ತ ಡಬ್ಬ್ಯಾಗ ಏನ್ ಕಟ್ಟೀರಿ, ಹೇಳ್ರಿ?" ಅಂತ ಕೇಳುತ್ತಾನೆ. ಹೇಳಿದರೆ ಮಗು ಕೈಗೆ, ತಡವರಿಸಿದರೆ ಗಾಡಿ ಮುಂದಕ್ಕೆ.

ಒಮ್ಮೆ ಸ್ವಂತ ಅಪ್ಪನೇ ಬಂದು ಸಿಕ್ಕಿಬಿದ್ದ. ಡಬ್ಬಿಯಲ್ಲಿ ಏನಿದೆ ಅಂತ ಯಾವ ಅಪ್ಪನಿಗೆ ಗೊತ್ತಿರುತ್ತದೆ ಹೇಳ್ರಿ? ಮಗು ಕಿಟಕಿಯಿಂದ "ಅಪ್ಪಾ, ಅವಲಕ್ಕಿ ಅನ್ನು, ಅವಲಕ್ಕಿ" ಅಂತ ಪಿಸುಗುಟ್ಟಿದ ಮೇಲೆ ಪಾರಾದ.

ಇಂಥವನಿಗೆ ತಿಳವಳ್ಳಿಯಲ್ಲಿ ಒಂದು ಹೆಣ್ಣು ನೋಡಿದೆವು. ಹುಡುಗಿ ಹೊಲಿಗೆ ಕಲಿಸುತ್ತಾಳೆ, ಕಣ್ಣಲ್ಲೇ ನಗುತ್ತಾಳೆ. ನನಗಂತೂ ಹಿಡಿಸಿದಳು. ಮಗನಿಗೆ ಎಷ್ಟು ಹಿಡಿಸಿದಳೆಂದರೆ ಚಹಾ ಮುಗಿದ ಮೇಲೂ ಖಾಲಿ ಬಸಿಯನ್ನೇ ಎತ್ತೆತ್ತಿ ಕುಡಿಯುತ್ತಿದ್ದ. ಎಲ್ಲಾ ಸುಸೂತ್ರ ಅನ್ನುವಷ್ಟರಲ್ಲಿ ಹುಡುಗಿಯ ಅಪ್ಪ ಕೇಳಿದರು:

"ಅಲ್ಲಪಾ, ಶಾಲಿ ಸೂಟಿ ಬಿಟ್ಟಾಗ ಏನ್ ಮಾಡ್ತಿ?"

"ಗಾಡಿ ತೊಳಿತೇನ್ರಿ."

"ತೊಳದ ಮ್ಯಾಲ?"

"ಒಣಗಸ್ತೇನ್ರಿ."

ಒಳಗೆ ಹುಡುಗಿ ಫಕ್ಕನೆ ನಕ್ಕದ್ದು ಕೇಳಿಸಿತು. ಅಪ್ಪ ಮಾತ್ರ ನಗಲಿಲ್ಲ. "ಬ್ಯಾಸಗಿ ತುಂಬ ಕಟ್ಟಿ ಮ್ಯಾಲ ಕುಂದರೊ ಅಳಿಯಾ ನನಗ ಬ್ಯಾಡ್ರಿ. ಶಾಲಿ ಬಾಗಲಾ ತಗಿಯೂದ್ರಾಗ ಎಲ್ಲೆರ ದುಡದು ತೋರಸ್ಲಿ. ಆಮ್ಯಾಲ ಮುಂದಿನ ಮಾತು" ಅಂದುಬಿಟ್ಟರು.

ಹೀಗೆ ಶುರುವಾಯಿತು ನನ್ನ ಮಗನ ಬೇಸಿಗೆಯ ನೌಕರಿ ಬೇಟೆ.

ಮಾವಿನಕಾಯಿ ಗಾಡಿ

ಮೊದಲು ಸಿಕ್ಕಿದ್ದು ನಮ್ಮೂರ ಮಾವಿನಕಾಯಿ ವ್ಯಾಪಾರಿಯ ಟೆಂಪೋ. ತೋಟದಿಂದ ಕಾಯಿ ತುಂಬಿಕೊಂಡು ಹುಬ್ಬಳ್ಳಿಗೆ ಮುಟ್ಟಿಸುವ ಕೆಲಸ. "ಹಸಗೂಸಿನ್ಹಂಗ ಒಯ್ಯಬೇಕು ನೋಡು" ಅಂದಿದ್ದ ವ್ಯಾಪಾರಿ. ಅದೊಂದು ಮಾತು ಅನ್ನಬಾರದಿತ್ತು.

ತೋಟ ಬಿಟ್ಟಾಗ ಇನ್ನೂ ಮುಂಜಾನೆ, ಶಾಲೆಯ ವ್ಯಾನು ಹೊರಡುವ ಹೊತ್ತೇ. ಮಗನ ತಲೆ ಹುಬ್ಬಳ್ಳಿಯ ಕಡೆಗಿತ್ತು, ಕೈ ಮಾತ್ರ ದಿನದ ರೂಢಿಯಂತೆ ಶಾಲೆಯ ಹಾದಿ ಹಿಡಿಯಿತು. ಓಣಿಯ ಬಾಯಿಗೆ ಬಂದು ಪೋಂ ಪೋಂ ಅಂತ ಹಾರ್ನ್ ಹೊಡೆದ.

ಏಪ್ರಿಲ್ ತಿಂಗಳ ನಟ್ಟ ನಡುವೆ! ಓಣಿಯಲ್ಲಿ ಗೋಲಿ ಆಡುತ್ತಿದ್ದ ಮಕ್ಕಳು ಹುಲಿ ಕಂಡ ಕುರಿಗಳಂತೆ ಚೆಲ್ಲಾಪಿಲ್ಲಿ. ಒಬ್ಬ ಅಟ್ಟ ಹತ್ತಿದ, ಒಬ್ಬಳು ಜೋಳದ ಚೀಲದ ಹಿಂದೆ ಕೂತಳು. ತಾಯಂದಿರು ಮಾತ್ರ ದೇವರು ಬಾಗಿಲಿಗೆ ಬಂದಂತೆ ಓಡಿಬಂದರು. "ಯಪ್ಪಾ, ಶಾಲಿ ಚಾಲೂ ಆತೇನು? ನನ್ನ ಹೊಟ್ಟಿ ತಣ್ಣಗಾತು ನೋಡು!" ಒಬ್ಬಾಕಿ ಅಂತೂ ಅಳುವ ಮಗನನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಕಾಲಿಗೆ ಬೂಟು ಹಾಕಿಸಿಯೇ ಬಿಟ್ಟಿದ್ದಳು.

ಮಗನಿಗೆ ಆಗ ಎಚ್ಚರಾಯಿತು. "ತಪ್ಪಾತ್ರೀ ಅಕ್ಕಾರ. ಇದು ಶಾಲಿ ಗಾಡಿ ಅಲ್ರಿ. ಮಾವಿನಕಾಯಿ ಅದಾವು, ಹುಬ್ಬಳ್ಳಿಗೆ ಹೊಂಟೇನಿ."

ಆಕೆ ಬೂಟು ಬಿಚ್ಚಲಿಲ್ಲ. "ಆದ್ರೇನಾತು? ಇವನ್ನೂ ಕಾಯ್ಯಾಗ ಹಾಕ್ಕೊಂಡ ಹೋಗಪಾ. ಸಂಜಿತನಕ ಹುಲ್ಲಾಗ ಮಲಗಿದ್ರ ಸ್ವಲ್ಪರ ಮೆತ್ತಗಾಗಿ ಬಂದಾನು!"

ಒಂದು ತಲೆ ಹೆಚ್ಚು

ಹುಬ್ಬಳ್ಳಿಗೆ ಕಾಯಿ ತಡವಾಗಿ ಮುಟ್ಟಿದ್ದಕ್ಕೆ ಮಾವಿನ ವ್ಯಾಪಾರಿ ಮರುದಿನವೇ ಬೇರೆ ಡ್ರೈವರನನ್ನು ನೋಡಿಕೊಂಡ. ಸುದ್ದಿ ಬಸ್ಸು ಹತ್ತಿ ತಿಳವಳ್ಳಿಗೆ ಹೋಯಿತು. ಹುಡುಗಿಯ ಅಪ್ಪ "ಒಂದ ದಿನದ ನೌಕರಿನೂ ನೌಕರೀನ?" ಅಂದರಂತೆ.

ಆಮೇಲೆ ಶಿಗ್ಗಾವಿಯಲ್ಲಿ ಮದುವೆಗೆ ಗಾಡಿ ಬಾಡಿಗೆ ಕೊಡುವವನ ಹತ್ತಿರ ಕೆಲಸಕ್ಕೆ ಹತ್ತಿದ. ಶಿಗ್ಗಾವಿಯ ಗಂಡಿನವರನ್ನು ತಡಸದ ಮದುವೆಗೆ ಒಯ್ದು, ಊಟ ಮುಗಿದ ಮೇಲೆ ತರಬೇಕಿತ್ತು. ಹೋಗುವಾಗ ಎಲ್ಲಾ ಚಂದ. ಬರುವಾಗ ಎಲ್ಲರೂ ಹತ್ತಿ ಕೂತರು, ಮಗ ತಲೆ ಎಣಿಸಿದ. ಒಂದು ಹೆಚ್ಚು! ಮತ್ತೆ ಎಣಿಸಿದ. ಆಗಲೂ ಹೆಚ್ಚು.

"ಕಡಿಮಿ ಆದ್ರ ಹುಡುಕ್ಯಾಡಬಹುದು. ಹೆಚ್ಚಾದ್ರ ಏನ್ ಮಾಡ್ಲಿ?" ಅಂತ ಕೀಲಿ ತೆಗೆದುಕೊಂಡು ಕೂತುಬಿಟ್ಟ.

ಒಳಗೆ ಗುಸುಗುಸು. ಕೊನೆಯ ಸೀಟಿನಲ್ಲಿ ಕೆಂಪು ರುಮಾಲಿನ ಒಬ್ಬರು ಹೊಸ ಶಲ್ಯ ಹೊದ್ದು ಗಂಭೀರವಾಗಿ ಕೂತಿದ್ದರು. ಅವರು ಹೆಣ್ಣಿನ ಕಡೆಯವರು ಅಂತ ಗಂಡಿನವರು ತಿಳಿದಿದ್ದರು. ಹೆಣ್ಣಿನವರು ಗಂಡಿನ ಕಡೆಯವರು ಅಂತ ತಿಳಿದೇ ಶಲ್ಯ ಹೊದಿಸಿದ್ದರು.

"ನಾ ಯಾರ ಕಡೆಯಾಂವನೂ ಅಲ್ರೀ" ಅಂದರು ಅವರು. "ಶಿಗ್ಗಾವಿ ಬಸ್ಸಿಗೆ ನಿಂತಿದ್ದೆ. ನಿಮ್ಮವರು ರಟ್ಟಿ ಹಿಡದು ಎಳಕೊಂಡ ಹೋಗಿ ಪಂಕ್ತ್ಯಾಗ ಕುಂದ್ರಿಸಿದ್ರು. ನಾ ನಿಮ್ಮ ಪೈಕಿ ಅಲ್ಲ ಅಂದ್ರ, 'ಅಯ್ಯ, ಸಿಟ್ಟಾಗ್ಯಾರ, ಅದಕ್ಕ ಹಂಗಂತಾರ' ಅಂತ ಹೋಳಿಗಿ ಹಾಕಿದ್ರು. ಒಲ್ಲೆ ಅಂದೆ, ಶಲ್ಯ ಹೊಚ್ಚಿದ್ರು. ಹೋಗ್ತೇನಿ ಬಿಡ್ರೀ ಅಂದೆ, ಗಾಡ್ಯಾಗ ಹತ್ತಿಸಿದ್ರು. ಎಷ್ಟ ಸಲ ಹೇಳೂದು?"

ಮಗ ಬಾಗಿಲು ತೆಗೆದು ಇಳಿಸಲು ಹೋದ. ಮದುಮಗನ ಅಪ್ಪ ಅವನ ಕೈ ಹಿಡಿದರು. "ಇಳಿಸಬ್ಯಾಡ ತಮ್ಮಾ, ಕೈ ಮುಗಿತೇನಿ. ಇಡೀ ಮದುವ್ಯಾಗ ಸಿಟ್ಟಿಗೇಳಲಾರದ ಬೀಗಾ ಅಂದ್ರ ಇವರೊಬ್ಬರ!"

ಕಲ್ಲಿನ ನಡುವೆ ದಾದಿಮಾ

ಮದುವೆಯ ಮಂದಿ ಮಾಲೀಕನ ಹತ್ತಿರ ದೂರು ಒಯ್ದರು. "ಎಲಿ ಅಡಿಕಿ ಹಾಕ್ಕೊಳ್ಳಾಕ ಬಿಡೂದಿಲ್ಲ, ಕೈ ಕಿಡಕಿಯಿಂದ ಹೊರಗ ಹಾಕಿದ್ರ ಗದರಸ್ತಾನ, ನಮಗೇನು ಪಾಟಿ ಪೇಣೆ ಕೊಟ್ಟು ಶಾಲಿಗೆ ಕಳಿಸ್ಯಾರನು?" ಅಂತ. ಮಾಲೀಕ, "ಬ್ಯಾರೆ ಯಾರೂ ಸಿಗಲಿಲ್ಲಂದ್ರ ಹೇಳಿ ಕಳಸ್ತೇನಿ" ಅಂದ. ಮಗ ಮತ್ತೆ ಕಟ್ಟೆಗೆ ಬಂದ. ಇತ್ತ ತಿಳವಳ್ಳಿಯಿಂದ ಬಂದವರು ಯಾರೋ, ಹುಡುಗಿಗೆ ಶಿರಸಿ ಕಡೆಯ ಇನ್ನೊಂದು ಗಂಡು ನೋಡುತ್ತಿದ್ದಾರೆ ಅಂದರು. ಮಗ ಆ ದಿನ ಊಟಕ್ಕೆ ಕೂತು, ರೊಟ್ಟಿಯನ್ನು ಚಟ್ನಿಗೆ ಹಚ್ಚುವ ಬದಲು ನೀರಿನ ತಂಬಿಗೆಗೆ ಹಚ್ಚಿದ.

ಅಷ್ಟರಲ್ಲಿ ಸವಣೂರಿನ ಒಂದು ವ್ಯಾಪಾರಸ್ಥರ ಮನೆಯಿಂದ ಕರೆ ಬಂತು. ಹೊರಗಿನ ಬಂಧುಗಳು ಸೂಟಿಗೆ ಬಂದಿದ್ದಾರೆ, ವಾರ ಕಾಲ ತಿರುಗಾಡಿಸಬೇಕು ಅಂತ. ಒಂದು ದಿನ ಎಲ್ಲರನ್ನೂ ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಒಯ್ದ. ಅಲ್ಲಿ ಬೀಸುವವರು, ಕುಟ್ಟುವವರು, ಜಗುಲಿಯ ಮೇಲೆ ಹರಟುವವರು, ಎಲ್ಲಾ ನಮ್ಮ ನಿಮ್ಮಷ್ಟೇ ಎತ್ತರದ ಗೊಂಬೆಗಳು. ಜೀವ ಒಂದು ಇಲ್ಲ ಅಷ್ಟೇ.

ಮರಳುವಾಗ ಎಣಿಸಿದರೆ ಈ ಸಲ ಒಂದು ತಲೆ ಕಡಿಮೆ. ಮನೆಯ ಹಿರಿಯಾಕೆ, ಎಲ್ಲರೂ ದಾದಿಮಾ ಅನ್ನುವಾಕೆ, ಇಲ್ಲ! ಮನೆಯವರು ಗಾಬರಿಯಾಗಿ ಹುಡುಕಿದರು. ಮಗ ಒಂದೊಂದೇ ಗೊಂಬೆಯ ಮುಂದೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಬಂದ.

ಒಂದು ಕಡೆ ಮಂದಿ ಸೇರಿತ್ತು. ಮೂವರು ಕಲ್ಲಿನ ಹೆಂಗಸರ ಪಕ್ಕದಲ್ಲಿ ನಾಲ್ಕನೆಯಾಕೆಯಾಗಿ ದಾದಿಮಾ, ಕಾಲು ಚಾಚಿ, ಗದ್ದಕ್ಕೆ ಕೈ ಕೊಟ್ಟು ಅರೆಗಣ್ಣು ಮುಚ್ಚಿ ಕೂತಿದ್ದಾರೆ. ಜನ ಸಾಲುಗಟ್ಟಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. "ಏನ್ ಕೆಲಸಾರೀ! ಮಾರಿ ಮ್ಯಾಲಿನ ಸುಕ್ಕ ಸುದ್ದಾ ಬಿಟ್ಟಿಲ್ಲ!" ಅಂತ ಹೊಗಳುತ್ತಿದ್ದಾರೆ.

ಮಗ "ದಾದಿಮಾ, ಗಾಡಿ ಹೊಂಟೈತ್ರಿ" ಅಂದ. ಆಕೆ ಎದ್ದರು. ಸುತ್ತಲಿದ್ದವರಲ್ಲಿ ಅರ್ಧ ಜನ ಚೀರಿಕೊಂಡು ಓಡಿದರು.

ಗಾಡಿ ಹತ್ತಿದ ಮೇಲೆ ದಾದಿಮಾ ಅಂದರಂತೆ, "ಭಾಳ ಚಲೋ ಮಂದಿ ಬೇಟಾ! ಗುರುತಿಲ್ಲ ಪರಿಚಯ ಇಲ್ಲ, ಒಬ್ಬೊಬ್ಬರ ಬಂದು ಬಾಜೂ ನಿಂತು ಫೋಟೋ ಹೊಡಸ್ಕೊಂಡ್ರು. ನಮ್ಮ ಮನ್ಯಾಗ ಮುದುಕರಿಗೆ ಇಷ್ಟ ಇಜ್ಜತ್ ಯಾರ್ ಕೊಡ್ತಾರ?"

ತಿಳವಳ್ಳಿಯ ದೊಡ್ಡ ಹುಡುಗ

ಬಂಧುಗಳು ಊರಿಗೆ ಹೋದರು, ಸವಣೂರಿನ ಕೆಲಸವೂ ಮುಗಿಯಿತು. ಶಾಲೆ ತೆಗೆಯಲು ಇನ್ನೇನು ಬಂತು ಅನ್ನುವಾಗ ಶಿಗ್ಗಾವಿಯ ಮಾಲೀಕನ ಫೋನು. "ಯಾರೂ ಸಿಗವಲ್ರು, ನೀನ ಬಾ. ತಿಳವಳ್ಳಿಯವರನ್ನ ಹಿರೇಕೆರೂರ ಮದುವಿಗೆ ಒಯ್ಯಬೇಕು."

ಹೋಗಿ ನೋಡಿದರೆ ಗಾಡಿ ಹತ್ತುತ್ತಿರುವವರು ಯಾರು? ಹುಡುಗಿ, ಅವಳ ಅವ್ವ, ಅವಳ ಅಪ್ಪ, ಬಳಗ ಸಮೇತ! ಅಪ್ಪ ಇವನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿನ ಸೀಟಿಗೆ ಹೋಗಿ ಕೂತರು.

ಮದುವೆ ಮುಗಿಯಿತು. ಹೆಂಗಸರು ಇನ್ನೂ ಸ್ವಲ್ಪ ಹೊತ್ತು ಉಳಿಯುವವರಿದ್ದರು, ಗಂಡಸರು ಹೊರಟರು. ಆಗ ಹುಡುಗಿಯ ಅವ್ವ ಬಂದು ಮಗನಿಗೆ ಮೆಲ್ಲಗೆ ಹೇಳಿದರು, "ನೋಡಪಾ, ನಮ್ಮವರಿಗೆ ಸಕ್ಕರಿ ಬ್ಯಾನಿ ಐತಿ. ದಾರ್ಯಾಗ ಭಜಿ ಅಂಗಡಿ, ಮಿಠಾಯಿ ಅಂಗಡಿ ಕಂಡ್ರ ಏನರ ನೆವಾ ಹೇಳಿ ಇಳೀತಾರ. ನಿನ್ನ ಕೈಯಾಗ ಕೊಟ್ಟೇನಿ. ಮನಿ ಮುಟ್ಟೂತನಕ ಇಳಸಬ್ಯಾಡ."

ಕೈಯಾಗ ಕೊಟ್ಟೇನಿ! ಮುಗಿಯಿತಲ್ಲ?

ದಾರಿಯಲ್ಲಿ ಮಿಠಾಯಿ ಅಂಗಡಿ ಬಂತು. ಹಿಂದಿನಿಂದ ದನಿ: "ನಿಲ್ಲಸಪಾ, ಹೊಟ್ಟಿ ತೊಳಸಾಕತ್ತೈತಿ."

"ಕಿಡಕಿ ಕಡೆ ಸರದು ಕುಂದರ್ರಿ. ಗಾಳಿ ಬರ್ತೈತಿ."

"ಚಪ್ಪಲ್ ಬಿತ್ತು."

"ಎರಡೂ ಕಾಲಾಗ ಅದಾವ್ರಿ. ಕನ್ನಡ್ಯಾಗ ಕಾಣಸ್ತಾವು."

"ಒಂದಕ್ಕ ಹೋಗಬೇಕು."

ಮಗ ನಿಲ್ಲಿಸಿದ. ಅಂಗಡಿ ದಾಟಿ ಬಹಳ ದೂರ, ಒಂದು ಬೇವಿನ ಗಿಡದ ಹತ್ತಿರ. ಇವರು ಹೋದಲ್ಲಿ ತಾನೂ ಬೆನ್ನು ಮಾಡಿ ನಿಂತ.

ಮುಂದೆ ಭಜಿ ಅಂಗಡಿ. "ಅಗೋ, ನಮ್ಮ ಕಾಕಾ ಅಲ್ಲಿ ನಿಂತಾನ! ನಾ ಅವನ ಜೋಡಿ ಬರ್ತೇನಿ."

"ಡಬ್ಬ್ಯಾಗ ಏನ್ ಕಟ್ಟ್ಯಾನ ಅಂತ ಕೇಳ್ಲೇನ್ರಿ ಅವಂಗ?"

ಶಾಲೆಯ ಮಕ್ಕಳು ಇವನಿಗೆ ಕಲಿಸದ ನೆವ ಯಾವುದಿದೆ ಹೇಳ್ರಿ! ಉಳಿದ ಬಳಗದವರು ನಕ್ಕು ನಕ್ಕು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯ ಮುಂದೆ ಇಳಿದರು. ಕೊನೆಗೆ ಉಳಿದವರು ಇವರೊಬ್ಬರೇ. ಮನೆ ಬಂತು. ಬಾಗಿಲಿಗೆ ಕೀಲಿ. ಕೀಲಿಕೈ ಹಿರೇಕೆರೂರಲ್ಲಿ, ಹೆಂಡತಿಯ ಸೊಂಟದಲ್ಲಿ.

"ಕಟ್ಟಿ ಮ್ಯಾಲ ಕುಂದರ್ತೇನಿ, ಬಾಗಲಾ ತಗಿ."

"ಆಗೂದಿಲ್ರಿ. ಮನಿಯವರು ಬಂದು ಕೈ ಹಿಡಕೊಂಡ್ರ ಇಳಸ್ತೇನಿ."

"ಲೇ! ನಾ ಏನ್ ಒಂದನೇತ್ತಾ ಹುಡುಗ ಅಂತ ತಿಳದೀಯೇನ?"

"ಒಂದನೇತ್ತಾದವರು ಇಷ್ಟ ಹಟಾ ಮಾಡೂದಿಲ್ರಿ."

ಹುಡುಗಿಯ ಅವ್ವನಿಗೆ ಫೋನು ಹಚ್ಚಿದ. ತಾವೂ ಹೊರಟಾಗಿದೆ, ಹತ್ತಿದ ಗಾಡಿ ಬೇರೆ ದಾರಿಯಿಂದ ಹಾನಗಲ್ಲಿಗೇ ಬರುತ್ತದೆ, ನಿಮ್ಮ ಮನೆಯಲ್ಲೇ ಕೂಡಿಸಿಕೊಂಡಿರು ಅಂದರು ಆಕೆ. ಹೀಗಾಗಿ ಇನ್ನೂ ಹೊತ್ತು ಮುಳುಗದಿರುವಾಗ ನಮ್ಮ ಬಾಗಿಲಲ್ಲಿ ಹಾರ್ನ್ ಆಯಿತು. ಹೊರಗೆ ಬಂದರೆ ಬೀಗರು ಆಗಬೇಕಾದವರು ಗಾಡಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾರೆ. ಮಗ ಅಂದ, "ಅವ್ವಾ, ಕೈ ಹಿಡಿ." ಹಿಡಿದು ಇಳಿಸಿಕೊಂಡೆ. ಸಕ್ಕರೆ ಇಲ್ಲದ ಚಹಾ ಕೊಟ್ಟೆ. "ನಿಮ್ಮ ಮಗಗ ಹೆಣ್ಣ ಕೊಟ್ಟಂಗ ಬಿಡ್ರಿ!" ಅಂದರು. ಕೊಡುವುದಿಲ್ಲ ಅಂತ ಅರ್ಥ. ಮಗ ಖಾಲಿ ಬಸಿ ಎತ್ತಿಕೊಂಡು ಒಳಗಿಟ್ಟು ಬಂದ.

ಅಷ್ಟರಲ್ಲಿ ತಾಯಿ ಮಗಳು ಬಂದರು. ಮಗಳು ಒಳಗೆ ಕಾಲಿಡುವಷ್ಟರಲ್ಲಿ ಇವನು ಹೊಸ್ತಿಲಿಗೆ ಅಡ್ಡ ನಿಂತ. ಇಂಥ ಹೊತ್ತಿನಲ್ಲೂ ಕಾಯ್ದೆ ಬಿಡಲಿಲ್ಲ!

"ಯಾರನ್ನ ಒಯ್ಯಾಕ ಬಂದೀರಿ?"

"ನಮ್ಮಪ್ಪನ್ನ."

"ಡಬ್ಬ್ಯಾಗ ಏನೈತಿ?"

ಹುಡುಗಿ ಕಣ್ಣು ಮಿಟುಕಿಸದೆ ಅಂದಳು, "ಡಬ್ಬಿ ಇಲ್ಲ. ಎಡಗಡೆ ಕಿಸೆದಾಗ ಬೂಂದಿ ಉಂಡಿ ಐತಿ, ನೋಡ್ರಿ."

ಹುಡುಗಿಯ ಅವ್ವ ಕಿಸೆಗೆ ಕೈ ಹಾಕಿದರು. ಮದುವೆಯ ಊಟದ ಉಂಡೆ, ಕರವಸ್ತ್ರದಲ್ಲಿ ಸುತ್ತಿದ್ದು, ಇಡಿಗೆ ಇಡೀ ಹೊರಬಂತು.

"ಹಿರೇಕೆರೂರಿಂದ ಇಲ್ಲೀತನಕ ತಿನಲಾರದ ಹೆಂಗ ಇಟ್ಕೊಂಡ್ರಿ?" ಅಂತ ಆಕೆ ಬೆರಗಾದರು.

"ಗಾಡ್ಯಾಗ ತಿನ್ನಾಕ ಬಿಟ್ಟರ ತಾನ ಇಂವಾ!" ಅಂತ ಬೀಗರು ಅಳುಮೋರೆ ಮಾಡಿದರು.

ಆಕೆ ನನ್ನ ಕಡೆ ತಿರುಗಿ ಕೂತರು. "ಅಕ್ಕಾರ, ಸಂಬಂಧ ಗಟ್ಟಿ ಮಾಡ್ರಿ. ಇಷ್ಟ ವರ್ಷದಾಗ ಇವರನ್ನ ಮದುವಿ ಮನಿಯಿಂದ ಒಂದ ತುತ್ತೂ ಹೆಚ್ಚಿಗಿ ತಿನಲಾರದ ಮನಿ ಮುಟ್ಟಿಸಿದವರು ಯಾರೂ ಇದ್ದಿಲ್ಲ."

"ಬ್ಯಾಸಗ್ಯಾಗ ಏನ್ ಮಾಡ್ತಾನ ಅಂತ ಕೇಳು!" ಅಂತ ಬೀಗರು ಕೊನೆಯ ಸಲ ಒದರಿದರು.

"ಬ್ಯಾಸಗ್ಯಾಗ ತಾನ ಮದುವಿ ಇರೂದು? ನಿಮ್ಮನ್ನ ಕಾಯ್ತಾನ. ತುಂಬಿದ ನೌಕರಿ ಅದು!"

ದೀಪಾವಳಿ ಆದ ಮೇಲೆ ಮದುವೆ ಮಾಡಿದೆವು. ಹೆಣ್ಣು ಒಪ್ಪಿಸುವ ಹೊತ್ತು ಬಂತು. ನಮ್ಮ ಕಡೆ ಹುಡುಗಿಯ ಅಪ್ಪ ಮಗಳ ಕೈಯನ್ನು ಅತ್ತೆಯ ಕೈಯಲ್ಲಿ ಇಡುತ್ತಾರೆ, ಎಲ್ಲರೂ ಅಳುತ್ತಾರೆ. ನಾನು ಕೈ ಚಾಚಿದೆ, ಸೆರಗೂ ಕಣ್ಣಿಗೆ ಬಂದಿತ್ತು. ಬೀಗರು ಮಗಳ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದು ಹಿಂದೆ ಸರಿದರು. ಚಪ್ಪರದ ತುಂಬ ಕೇಳುವಂತೆ ಅಂದರು:

"ಹಂಗ ಹ್ಯಾಂಗ ಕೊಡ್ಲಿ? ನಿಮ್ಮ ಮಗನ ಕಾಯ್ದೆ ಐತಿ. ಗುರುತು ಹೇಳ್ರಿ!"

ಅಳುತ್ತಿದ್ದ ಮಂದಿ ಮೂಗು ಒರೆಸಿಕೊಂಡು ಮುಂದೆ ಸರಿಯಿತು. ಮಗ ನನ್ನ ಮುಖ ನೋಡಿದ. ನಾನು ಸೆರಗು ಇಳಿಸಿದೆ.

"ಗುರುತು ನನ್ನ ಹಂತ್ಯಾಕ ಇಲ್ರಿ ಬೀಗರ. ನಿಮ್ಮ ಎಡಗಡೆ ಕಿಸೆದಾಗ ಐತಿ."

ಅವರು ತಟ್ಟನೆ ಮಗಳ ಕೈ ಬಿಟ್ಟು ಎರಡೂ ಕೈಯಿಂದ ಕಿಸೆ ಮುಚ್ಚಿಕೊಂಡರು. ನಾನು ಹುಡುಗಿಯನ್ನು ಕರೆದುಕೊಂಡು ಗಾಡಿ ಹತ್ತಿದೆ.