ಎಮ್ಮಿಕಟ್ಟಿಯ ಹದಿನೇಳನೇ ನಂಬರಿನ ರೇಡಿಯೊ

ಸನ್ ೧೯೫೮ರ ಜೂನ್ ತಿಂಗಳಲ್ಲಿ, ಮೂಡಲಗಿಯಿಂದ ಎರಡು ಹರದಾರಿ ದೂರದ ಎಮ್ಮಿಕಟ್ಟಿ ಗ್ರಾಮವು ರೇಡಿಯೊ ಹೊಂದಿದ ಗ್ರಾಮವೆಂದು ಗ್ರಾಮ ಶ್ರವಣ ಕಚೇರಿಯಿಂದ ಘೋಷಿಸಲ್ಪಟ್ಟಿತು. ಅದು ಹದಿನೇಳನೇ ನಂಬರಿನ ಸೆಟ್ಟು. ಶಾಲೆಯ ಒಂದೇ ಕೋಣೆಯಲ್ಲಿ ಅದನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಲಾಯಿತು. ಬ್ಯಾಟರಿ ಬಂದಿರಲಿಲ್ಲ. ನಿಯಮ ಏಳರ ಪ್ರಕಾರ, ಮೂರು ತಿಂಗಳ ಶ್ರವಣ ವರದಿ ತೃಪ್ತಿಕರವಾಗಿದ್ದರೆ ಮಾತ್ರ ಬ್ಯಾಟರಿ. ನಿಯಮ ಎಂಟರ ಪ್ರಕಾರ, ದಿನಕ್ಕೆ ನಲವತ್ತು ಜನ ಕೇಳದಿದ್ದರೆ ರೇಡಿಯೊ ಮತ್ತು ಶಾಲೆ ಎರಡನ್ನೂ ಹೆಚ್ಚು ಆಸಕ್ತಿಯುಳ್ಳ ಗ್ರಾಮಕ್ಕೆ ಸ್ಥಳಾಂತರಿಸತಕ್ಕದ್ದು.

ಶಾಲೆಯ ಏಕೈಕ ಶಿಕ್ಷಕ ಬೀರಸಿದ್ದಪ್ಪ ಮಾಸ್ತರರು ನಿಯಮ ಎಂಟನ್ನು ಮೂರು ಸಲ ಓದಿ, ಊಟ ಬಿಟ್ಟು ಕುಳಿತರು. ಕೂಲಿ ಮಾಡುವ ಸತ್ತೆವ್ವನಿಗೆ ಸುದ್ದಿ ಮುಟ್ಟಿತು. ಅವಳ ಮಗಳು ಮೂರನೇ ಇಯತ್ತೆಯಲ್ಲಿದ್ದಳು. ಆ ಮನೆತನದಲ್ಲಿ ಅಕ್ಷರ ಕಂಡ ಮೊದಲನೆಯವಳು. ಸತ್ತೆವ್ವ ನೇರ ಶಾಲೆಗೆ ಬಂದಳು.

"ಮಾಸ್ತರ, ಪಾಟಿ ಇಲ್ಲಂದ್ರ ನೆಲದ ಮ್ಯಾಲ ಬರಸ್ತೀರಿ. ಪೆಟ್ಟಿಗಿ ಮಾತಾಡಲಿಲ್ಲಂದ್ರ ನೀವ ಮಾತಾಡ್ರಿ. ಏನಾಗತೈತಿ?"

"ಅದು ಸರಕಾರದ ಪೆಟ್ಟಿಗಿ, ಸತ್ತೆವ್ವಾ."

"ನೀವೂ ಸರಕಾರದಾವ್ರ ಅಲ್ಲೇನ್ರಿ?"

ಮಾಸ್ತರರು ಮೇಜಿನ ಹಿಂದೆ ಹೆಂಡತಿಯ ಹಳೇ ಸೀರೆ ಕಟ್ಟಿ, ಅದರ ಹಿಂದೆ ಕುಳಿತು ಪ್ರಸಾರ ಆರಂಭಿಸಿದರು. ಮೊದಲ ದಿನ ದನಿ ನಡುಗಿತು. ಮೂರನೇ ದಿನಕ್ಕೆ ಹದ ಸಿಕ್ಕಿತು. ಗೋಕಾಕ ಪೇಟೆಯಲ್ಲಿ ಬೆಲ್ಲದ ದರ, ಕೂಸಿಗೆ ವಾಂತಿ-ಭೇದಿಯಾದರೆ ಏನು ಕುಡಿಸಬೇಕು, ತಲಾಠಿ ತರುವ ಕಂದಾಯದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಯಾರಿಂದ ಓದಿಸಬೇಕು, ಎಲ್ಲವನ್ನೂ ಹೇಳಿದರು. ಎರಡನೇ ತಿಂಗಳಲ್ಲಿ ಹೆಂಗಸರು ರೇಡಿಯೊದಿಂದ ತಮ್ಮ ಹೆಸರು ಬರೆಯಲು ಕಲಿತರು. ಶ್ರೋತೃಗಳು ನೂರು ದಾಟಿದರು.

ಮಾಸ್ತರರು ಪ್ರಾಮಾಣಿಕರು. ಪ್ರತಿ ವರದಿಯ ಕೊನೆಗೆ 'ಬ್ಯಾಟರಿ ಇಲ್ಲ' ಎಂದೇ ಬರೆದರು. 'ರೇಡಿಯೊ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ' ಎಂದೂ ಬರೆದರು. ಕಚೇರಿಯಿಂದ ಉತ್ತರ ಬಂತು: 'ಸಾಧನೆ ಇಷ್ಟಿರುವಾಗ ಬ್ಯಾಟರಿಯ ಪ್ರಸ್ತಾಪ ಅಪ್ರಸ್ತುತ. ಇನ್ನು ಮುಂದೆ ಜಾಗ್ರತೆ.'

ಸೆಪ್ಟೆಂಬರಿನಲ್ಲಿ ಶ್ರವಣಾಧಿಕಾರಿ ಸಾಹೇಬರು ಹಾರ ಹಾಕಿಸಿಕೊಂಡು, ಬ್ಯಾಟರಿ ಸಮೇತ ಆಗಮಿಸಿದರು. ಬ್ಯಾಟರಿ ಜೋಡಿಸಿದ ಕೂಡಲೇ ಸೆಟ್ಟು ಗುರುಗುಟ್ಟಿ ನುಡಿಯಿತು: "ಕೃಷಿಕ ಬಾಂಧವರೇ, ಮೃತ್ತಿಕೆಯ ಆರ್ದ್ರತೆಯ ಸಂರಕ್ಷಣೆಯು ಉತ್ಪಾದನೆಯ ಅಭಿವೃದ್ಧಿಗೆ ಪೂರಕವಾಗಿರುತ್ತದೆ."

ಮುಂದಿನ ಸಾಲಿನಲ್ಲಿದ್ದ ಮುದುಕಿ ಉದ್ದವ್ವ ಕೈ ಎತ್ತಿದಳು. "ತಮ್ಮಾ, ನನ್ನ ಎಮ್ಮಿ ನಿನ್ನೆಯಿಂದ ಮೇವು ಮುಟ್ಟವಲ್ದು. ಏನ ಮಾಡಲಿ?"

ಸೆಟ್ಟು ಆರ್ದ್ರತೆಯನ್ನೇ ಮುಂದುವರಿಸಿತು. ಉದ್ದವ್ವ ಮತ್ತೊಮ್ಮೆ ಕೇಳಿದಳು. ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಸಾಹೇಬ್ರ, ಇದು ಕೆಟ್ಟೈತ್ರಿ," ಎಂದಳು ಸತ್ತೆವ್ವ. "ನೀವು ಕೈ ಹಚ್ಚೂ ಮೊದಲ ಚಲೋ ಇತ್ತು."

ಆಗ ಸೀರೆ ಸರಿಸಿ ಮಾಸ್ತರರು ಹೊರಬಂದರು. "ಸಾಹೇಬರ, ತಪ್ಪಾತ್ರಿ. ಇಷ್ಟ ದಿನಾ ಮಾತಾಡಿದಾಂವ ನಾನರಿ."

ಸಾಹೇಬರು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಎಮ್ಮಿಕಟ್ಟಿಯ ಸೆಟ್ಟಿನ ಸಲುವಾಗಿ ಅವರಿಗೆ ಮೇಲಿನ ಕಚೇರಿಯಿಂದ ಆಗಲೇ ಪ್ರಶಂಸಾಪತ್ರ ಬಂದಿತ್ತು.

"ಮಾಸ್ತರ, ರೇಡಿಯೊ ಮಾತಾಡತೈತಿ ಅಂತ ಮ್ಯಾಲ ಬರದ ಹೋಗೇತಿ. ಈಗ ಹೇಳ್ರಿ, ನೀವು ಯಾರು?"

"ಮಾಸ್ತರರಿ."

"ಮಾಸ್ತರ ಆದ್ರ, ಸುಳ್ಳ ವರದಿ ಬರದಾಂವ, ನೌಕರಿ ಹೋಗತೈತಿ. ರೇಡಿಯೊ ಆದ್ರ, ಜಿಲ್ಲಾದಾಗ ಒಂದನೇ ನಂಬರ. ವಿಚಾರ ಮಾಡಿ ಹೇಳ್ರಿ."

ಮಾಸ್ತರರು ಕಿಟಕಿಯಿಂದ ಹೊರಗೆ ನೋಡಿದರು. ಹೆಂಗಸರು ಕಡ್ಡಿ ಹಿಡಿದು ನೆಲದ ಮೇಲೆ ಹೆಸರು ಬರೆಯುತ್ತ ಕಾಯುತ್ತಿದ್ದರು.

"ರೇಡಿಯೊರಿ," ಎಂದರು.

ವಾರದೊಳಗೆ ಆದೇಶ ಹೊರಟಿತು. ಬೀರಸಿದ್ದಪ್ಪ ಎಂಬುದು ಹದಿನೇಳನೇ ನಂಬರಿನ ಸೆಟ್ಟೆಂದು ದಾಖಲಾಯಿತು. ಸೆಟ್ಟಿಗೆ ರಜೆ ಇಲ್ಲ, ದುರಸ್ತಿಗೆ ಅವಕಾಶವುಂಟು. ಪಗಾರದ ಹೆಸರು ಬ್ಯಾಟರಿ ಖರ್ಚು ಎಂದು ಬದಲಾಯಿತು. ಹಗಲಿನ ಪಾಠಗಳಿಗೆ 'ಶಾಲಾ ಪ್ರಸಾರ' ಎಂದು ಹೆಸರಾದ್ದರಿಂದ ಶಾಲೆ ಉಳಿಯಿತು. ಕಟ್ಟಿಗೆಯ ಪೆಟ್ಟಿಗೆಯನ್ನು ಹೆಚ್ಚಿನ ಪರೀಕ್ಷೆಗಾಗಿ ಸಾಹೇಬರ ಮನೆಗೆ ಒಯ್ಯಲಾಯಿತು. ಪರೀಕ್ಷೆ ಇಂದಿಗೂ ಪ್ರತಿದಿನ ಸಂಜೆ ನಡೆದಿದೆ.

ದೀಪಾವಳಿಯ ಮರುವಾರ ಮಾಸ್ತರರಿಗೆ ಜ್ವರ ಬಂದು ದನಿ ಕಟ್ಟಿತು. ಪಂಚಾಯ್ತಿಯವರು ನಿಯಮದಂತೆ ಹುಕ್ಕೇರಿಯಿಂದ ರೇಡಿಯೊ ಮೆಕ್ಯಾನಿಕ ದುರ್ಗಪ್ಪನನ್ನು ಕರೆಸಿದರು. ದುರ್ಗಪ್ಪ ಚೀಲ ಕೆಳಗಿಟ್ಟು, ಮಾಸ್ತರರ ಎದೆಗೆ ಕಿವಿ ಹಚ್ಚಿದ.

"ಕರಕರ ಅನ್ನಾಕತ್ತೈತಿ. ತಂಪ ಹಿಡದೈತಿ. ಸೆಟ್ಟಿಗಿ ನೀರು ತಾಗಸಬಾರದು ಅಂತ ನಿಯಮ ಐತಿ, ಆದ್ರ ಶುಂಠಿ ಕಷಾಯಕ್ಕ ಅಡ್ಡಿ ಇಲ್ಲ."

ಮಾಸ್ತರರ ಹೆಂಡತಿ ಪದ್ಮವ್ವ ಕಷಾಯ ಕುಡಿಸಿ, ಕಂಬಳಿ ಹೊದಿಸಿದಳು. ದುರ್ಗಪ್ಪ ದುರಸ್ತಿ ಕಾಗದ ತುಂಬತೊಡಗಿದ. ದನಿ: ಉತ್ತಮ. ಹೊರಮೈ: ಸಾಧಾರಣ. ಬಾಳಿಕೆ: ಇನ್ನೂ ಇಪ್ಪತ್ತು ವರ್ಷ.

ಪದ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಯಣ್ಣಾ, ಬರ್ಯಾವ ನೀನ ಅದಿ. ಮೂವತ್ತ ಬರಿ."

ದುರ್ಗಪ್ಪ ಮಾಸ್ತರರನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಇಪ್ಪತ್ತನ್ನು ಹೊಡೆದುಹಾಕಿ ಮೂವತ್ತು ಬರೆದ. ಪಂಚಾಯ್ತಿಯವರು ಸಾಕ್ಷಿ ಹಾಕಿದರು.