ಬೀಗರ ಲೋಟ, ಹೆಸರಿನ ಓಟ

ಮೊಮ್ಮಗನಿಗೆ ಹೆಸರಿಡುವ ಹಕ್ಕನ್ನು ತಮ್ಮ ಎರಡು ಕಾಲುಗಳಿಂದಲೇ ಸಂಪಾದಿಸುವುದಾಗಿ ಮಹದೇವಪ್ಪನವರು ಟೀ ಅಂಗಡಿ ಮುಂದೆ ನಿಂತು ಸಾರಿದ ದಿನ, ಹುಣಸೂರು ಸೀಮೆಯಲ್ಲಿ ಅವರಿಗಿಂತ ದೊಡ್ಡ ಓಟಗಾರ ಇನ್ನೊಬ್ಬನಿರಲಿಲ್ಲ. ಓಡಲು ಇನ್ನೂ ಶುರು ಮಾಡಿರಲಿಲ್ಲ, ಅಷ್ಟೇ.

ಮಗ ಯತೀಶನಿಗೆ ಗಂಡು ಮಗುವಾಗಿತ್ತು. ಸೊಸೆ ಪವಿತ್ರಾ ಬಾಣಂತನಕ್ಕೆಂದು ಭೇರ್ಯದ ತವರಿನಲ್ಲಿದ್ದಳು. ಮಗುವಿಗೆ ತಮ್ಮ ತಂದೆ ಚಿಕ್ಕಬೀರಯ್ಯನವರ ಹೆಸರನ್ನೇ ಇಡಬೇಕೆಂದು ಮಹದೇವಪ್ಪನವರ ಹಟ. ಪವಿತ್ರಾಳ ಅಪ್ಪ ಚಲುವಯ್ಯ ಇದಕ್ಕೆ ಒಪ್ಪಲಿಲ್ಲ.

"ಹೆಸ್ರು ನಾನಿಡ್ತೀನಿ ಬೀಗ್ರೇ. ಹೆತ್ತೋಳು ನನ್ ಮಗ್ಳು."

"ವಂಶ ನಮ್ದು ಕಣ್ರೀ."

"ವಂಶ ನಿಮ್ದೇ ಇರ್ಲಿ, ಮಗೂ ತೊಟ್ಲು ನಮ್ ಮನೇಲದೆ."

ಹೀಗೆ ಫೋನಿನಲ್ಲಿ ದಿನವೂ ನಡೆಯುತ್ತಿದ್ದ ಯುದ್ಧವನ್ನು ಕೇಳಿ ಕೇಳಿ ಸಾಕಾದ ಪವಿತ್ರಾ ಒಂದು ದಿನ ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡಳು. "ನೀವಿಬ್ರೂ ಇಂಗೇ ಕಿತ್ತಾಡ್ತಿದ್ರೆ ಮಗೂನೇ ಬೆಳ್ದು ತನ್ನ ಹೆಸ್ರು ತಾನೇ ಇಟ್ಕತದೆ. ಕೆ.ಆರ್. ನಗರದಿಂದ ಚುಂಚನಕಟ್ಟೆಗೆ ಹಿರಿಯರ ಓಟ ಇಟ್ಟವ್ರಂತೆ. ಇಬ್ರೂ ಓಡಿ. ಮುಂದೆ ಬಂದೋರು ಹೆಸ್ರಿಡಿ. ಹಿಂದೆ ಬಂದೋರು ಸುಮ್ನಿರಿ."

ಹೊಗೆಸೊಪ್ಪು ಹರಾಜು ಮುಗಿದು ಮಹದೇವಪ್ಪನವರ ಕೈ ಬಿಡುವಾಗಿದ್ದ ಕಾಲ. ಮೈಸೂರಿಗೆ ಹೋಗಿ ಗಿಳಿಹಸಿರು ಬಣ್ಣದ ಶೂ ತಂದರು. ತರಬೇತಿಯನ್ನು ಅವರೇ ರೂಪಿಸಿಕೊಂಡರು. ಅದಕ್ಕೆ ಎರಡು ಭಾಗ: ಬೆಳಿಗ್ಗೆ ಓಟ, ಸಂಜೆ ಅದಕ್ಕೆ ಪರಿಹಾರ. ಪರಿಹಾರವೆಂದರೆ ಒಂದು ಕ್ವಾರ್ಟರ್ ರಮ್ಮು. ಓಟ ಹೆಚ್ಚಿದಂತೆ ಸುಸ್ತು ಹೆಚ್ಚಿತು, ಸುಸ್ತು ಹೆಚ್ಚಿದಂತೆ ಪರಿಹಾರವೂ ಹೆಚ್ಚಿತು.

"ಬೆಳಿಗ್ಗೆ ಬೆವ್ರಲ್ಲಿ ಕಳ್ದಿದ್ನ ಸಂಜೆ ಬಾಟ್ಲಲ್ಲಿ ತುಂಬ್ಸಿದ್ರೆ ಸರಿಹೋಯ್ತದಾ?" ಎಂದು ಹೆಂಡತಿ ಸುನಂದಮ್ಮ ಕೇಳಿದರು.

"ನಿಂಗೆ ಗೊತ್ತಾಗಲ್ಲ ಕಣೆ. ಓಡೋ ಮೈಗೆ ಬಿಸಿ ಬೇಕು."

ಆದರೆ ಮೈಗೆ ಅದು ತಿಳಿದಂತೆ ಕಾಣಲಿಲ್ಲ. ಮೊದಲ ವಾರ ಕೆರೆ ಏರಿಯವರೆಗೂ ಓಡುತ್ತಿದ್ದವರು ಮೂರನೇ ವಾರಕ್ಕೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ಹತ್ತಿರವೇ ಸೊಂಟ ಹಿಡಿದು ನಿಲ್ಲತೊಡಗಿದರು. ಒಂದು ಬೆಳಿಗ್ಗೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ನೆರೆಮನೆಯ ಸಾಕಮ್ಮ ಹಿಂದಿನಿಂದ ಬಂದು, "ವಸಿ ದಾರಿ ಬುಡಿ ಅಪ್ಪಾ, ಎಮ್ಮೆ ಕಾಯ್ತಾ ಅದೆ" ಎಂದು ಅವರನ್ನು ದಾಟಿ ಹೋದಳು. ಎಮ್ಮೆಗೆ ಸಿಕ್ಕ ಮರ್ಯಾದೆ ತಮಗೆ ಸಿಗಲಿಲ್ಲವೆಂದು ಅವರಿಗೆ ಬಹಳ ನೋವಾಯಿತು.

ಮಗಳು ಅನುಶ್ರೀ ಸರಗೂರಿನ ಕಡೆ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಶನಿವಾರ ಮನೆಗೆ ಬಂದವಳು ಅಪ್ಪನ ಮಣಿಕಟ್ಟು ಹಿಡಿದು ನಾಡಿ ನೋಡಿ ಹುಬ್ಬು ಗಂಟಿಕ್ಕಿದಳು.

"ಅಪ್ಪಾ, ಸುಮ್ನೆ ಕೂತಿದ್ರೂ ನಿನ್ ಎದೆ ಓಡ್ತಾ ಅದೆ."

"ಒಳ್ಳೇದೇ ಅಲ್ವಾ? ಅದಕ್ಕೂ ಅಭ್ಯಾಸ ಆಯ್ತದೆ."

"ಅಭ್ಯಾಸ ಅಲ್ಲ ಅಪ್ಪಾ, ಅದು ರಮ್ಮಿನ ಕೆಲ್ಸ. ಕುಡ್ದು ಮಲಗಿದ್ರೆ ಗೊರಕೆ ಬತ್ತದೆ, ಒಳ್ಳೆ ನಿದ್ದೆ ಬರಲ್ಲ. ಮೈಯಲ್ಲಿರೋ ನೀರೆಲ್ಲ ಹೊರಕ್ಕೋಯ್ತದೆ. ಓಡಿ ದಣಿದಿರೋ ಕಾಲು ರಾತ್ರಿ ರಿಪೇರಿ ಆಗ್ಬೇಕು. ನೀನು ಅದೇ ಹೊತ್ಗೆ ರಿಪೇರಿಯೋನ್ಗೆ ಕುಡ್ಸಿ ಮಲಗುಸ್ತಿದ್ದೀಯ."

ಈ ಕೊನೆಯ ಮಾತು ಮಹದೇವಪ್ಪನವರ ಎದೆಗೆ ನಾಟಿತು. ಬ್ಯಾರನ್ನಿಗೆ ಬೆಂಕಿ ಹಾಕಲು ನೇಮಿಸಿದ ಆಳು ಕುಡಿದು ಮಲಗಿದರೆ ಸೊಪ್ಪಿನ ಗತಿ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಅಂದೇ ಬಾಟಲಿಗೆ ಬೆನ್ನು ತಿರುಗಿಸಿದರು.

ಆಮೇಲೆ ನಡೆದದ್ದನ್ನು ಊರು ಕಣ್ಣಾರೆ ಕಂಡಿತು. ಸಂಜೆ ಮಜ್ಜಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ದಿನ ಕಳೆದಂತೆ ಕೆರೆ ಏರಿ ಹಿಂದಾಯಿತು, ಪಕ್ಕದೂರಿನ ಅರಳಿಕಟ್ಟೆಯೂ ಹಿಂದಾಯಿತು. ಸಾಕಮ್ಮ ಎಲ್ಲೋ ಹಿಂದೆ ಚುಕ್ಕೆಯಾದಳು. ಮಹದೇವಪ್ಪನವರ ಹೊಟ್ಟೆ ಒಳಕ್ಕೂ ಎದೆ ಹೊರಕ್ಕೂ ಬಂದವು. ಟೀ ಅಂಗಡಿಯಲ್ಲಿ ಕೂತು, "ಓಡೋನು ಕುಡೀಬಾರ್ದು ಕಣ್ಲಾ, ಇದು ನಾನೇ ಕಂಡ್ಕೊಂಡ ಸತ್ಯ" ಎಂದು ಉಪದೇಶ ಮಾಡತೊಡಗಿದರು. ಸತ್ಯ ಕಂಡುಕೊಂಡ ಮನುಷ್ಯ ಅಲ್ಲಿಗೇ ನಿಲ್ಲಬಹುದಿತ್ತು. ಇವರಿಗೆ ಅದನ್ನು ಬೀಗರ ಮೇಲೆ ಪ್ರಯೋಗಿಸುವ ಆಸೆ ಹುಟ್ಟಿತು.

ಓಟದ ದಿನವನ್ನು ಯಾವ ಪುಣ್ಯಾತ್ಮ ಗೊತ್ತು ಮಾಡಿದನೋ, ಅದು ಹೊಸತೊಡಕಿನ ಮಾರನೇ ದಿನಕ್ಕೆ ಬಿದ್ದಿತ್ತು. ಯುಗಾದಿಗೆ ಹೋಳಿಗೆ, ಮರುದಿನ ಹೊಸತೊಡಕಿಗೆ ಬಾಡೂಟ. ಆ ದಿನ ಬೀಗರು ಮನೆಗೆ ಬಂದರೆ ಲೋಟ ತುಂಬಿಸುವುದು ಮನೆಯವರ ಧರ್ಮ, ಖಾಲಿ ಮಾಡುವುದು ಬಂದವರ ಧರ್ಮ. ಮಹದೇವಪ್ಪನವರು ಚಲುವಯ್ಯನವರಿಗೆ ಫೋನ್ ಮಾಡಿ, "ಹೊಸತೊಡಕಿಗೆ ನಮ್ಮಲ್ಲೇ ಬನ್ನಿ, ಬೆಳಿಗ್ಗೆ ಒಟ್ಗೆ ಕೆ.ಆರ್. ನಗರಕ್ಕೆ ಹೋಗಣ" ಎಂದು ಜೇನಿನಂಥ ದನಿಯಲ್ಲಿ ಕರೆದರು. ಆಮೇಲೆ ಅಡುಗೆಮನೆಗೆ ಹೋಗಿ ಖಾಲಿ ರಮ್ಮಿನ ಬಾಟಲಿಯೊಂದನ್ನು ಹೆಂಡತಿಯ ಮುಂದಿಟ್ಟರು.

"ಇದಕ್ಕೆ ಹಾಲಿಲ್ಲದ ಟೀ ತುಂಬ್ಸು. ಬಣ್ಣ ಸರಿಯಾಗಿರ್ಲಿ."

"ಯಾಕ್ರೀ?"

"ನಾನು ಟೀ ಕುಡೀತೀನಿ, ಬೀಗ್ರು ರಮ್ಮು ಕುಡೀತಾರೆ. ಬೆಳಿಗ್ಗೆ ನಾನು ಓಡ್ತೀನಿ, ಅವ್ರು ಮಲ್ಗಿರ್ತಾರೆ."

"ಬಂದೋರ್ಗೆ ಇಂಗೆ ಮಾಡೋದು ಸರಿಯಲ್ಲ ಕಣ್ರೀ."

"ನಮ್ಮಪ್ಪನ ಹೆಸ್ರಿಗೋಸ್ಕರ ಕಣೆ" ಎಂದು ಮಹದೇವಪ್ಪನವರು ಗೋಡೆಯ ಮೇಲಿದ್ದ ತಂದೆಯ ಫೋಟೋ ನೋಡಿ ಕಣ್ಣು ಒರೆಸಿಕೊಂಡರು.

ಹೊಸತೊಡಕಿನ ಮಧ್ಯಾಹ್ನ ಹಿತ್ತಲಿನ ಹುಣಸೆಮರದ ಕೆಳಗೆ ಚಾಪೆ ಹಾಸಿತ್ತು. ಚಲುವಯ್ಯ ಬಿಳಿ ಪಂಚೆಯುಟ್ಟು ಕೂತರು. ದಾಯಾದಿ ಅಂಕಯ್ಯ ಹಿರಿಯರೆಂದು ನಡುವೆ ಕೂತರು. ಮಹದೇವಪ್ಪನವರು ಬೀಗರ ಲೋಟಕ್ಕೆ ಧಾರಾಳವಾಗಿ ಅಸಲಿ ರಮ್ಮು ಸುರಿದು, ತಮ್ಮ ಲೋಟಕ್ಕೆ ಟೀ ಬಗ್ಗಿಸಿಕೊಂಡರು. ಇನ್ನೇನು ಎತ್ತಬೇಕು, ಎರಡು ಬಾಟಲಿಗಳನ್ನೂ ಒಮ್ಮೆ ನೋಡಿದ ಚಲುವಯ್ಯ ಕೈ ತಡೆದರು.

"ತಡೀರಿ ಬೀಗ್ರೇ. ನಮ್ ಮನೆತನದಲ್ಲಿ ಒಂದು ಪದ್ಧತಿ ಅದೆ. ಬೀಗ್ರು ವೀಳ್ಯ ಬದಲಾಯಿಸ್ಕಳಂಗೆ ಲೋಟಾನೂ ಬದಲಾಯಿಸ್ಕಬೇಕು. ನನ್ದು ನಿಮ್ಗೆ, ನಿಮ್ದು ನನ್ಗೆ."

ಅಂಥ ಪದ್ಧತಿ ಭೇರ್ಯದಲ್ಲಿ ಇತ್ತೋ, ಹುಣಸೆಮರದ ಕೆಳಗೆ ಆಗತಾನೆ ಹುಟ್ಟಿತೋ ದೇವರೇ ಬಲ್ಲ. ಅಂಕಯ್ಯನವರು ಮಾತ್ರ ತಲೆದೂಗಿ, "ನೋಡ್ಲಾ ಮಾದೇವಪ್ಪ, ಸಂಬಂಧ ಅಂದ್ರೆ ಇಂಗಿರ್ಬೇಕು" ಎಂದುಬಿಟ್ಟರು. ಬೀಗರು ಚಾಚಿದ ಲೋಟವನ್ನು ಬೇಡವೆನ್ನುವುದಕ್ಕಿಂತ ಮನೆಬಾಗಿಲು ಹಾಕಿಕೊಳ್ಳುವುದು ವಾಸಿ. ಮಹದೇವಪ್ಪನವರು ಅಸಲಿಯನ್ನು ಗಂಟಲಿಗಿಳಿಸಿದರು. ಚಲುವಯ್ಯ ಟೀಯನ್ನು ಒಂದು ಗುಟುಕು ಕುಡಿದು, ಲೋಟದೊಳಗೆ ಒಮ್ಮೆ ಇಣುಕಿ, ಮುಖವನ್ನು ಹಿಂಡಿ ಕೆಮ್ಮಿದರು.

"ಅಬ್ಬ, ಸರಕು ಭಾರಿ ಗಟ್ಟಿ ಬೀಗ್ರೇ."

ಎರಡನೇ ಸುತ್ತಿಗೆ ಮಹದೇವಪ್ಪನವರು ಜಾಣತನ ತೋರಿಸಿದರು. ಬೀಗರ ಲೋಟಕ್ಕೆ ತಳ ಮುಚ್ಚುವಷ್ಟೇ ಬಿಟ್ಟರು.

"ಯಾಕ್ಲಾ, ಬೀಗನ ಲೋಟಕ್ಕೆ ಕೈ ಬಿಗಿ ಮಾಡ್ತೀಯಾ?" ಅಂಕಯ್ಯನವರ ದನಿ ಹಿತ್ತಲು ದಾಟಿ ಬೀದಿಗೆ ಕೇಳಿಸಿತು. ಮನೆತನದ ಮಾನ ದೊಡ್ಡದು. ಮಹದೇವಪ್ಪನವರು ಕಂಠಮಟ್ಟ ತುಂಬಿಸಿದರು, ಬದಲಾಯಿಸಿದರು, ತಾವು ತುಂಬಿಸಿದ್ದನ್ನು ತಾವೇ ಕುಡಿದರು. ಮೂರನೆಯದೂ ಹಾಗೇ ಒಳಗೆ ಹೋಯಿತು.

ಅಷ್ಟರಲ್ಲಿ ಅವರ ತಲೆಯಲ್ಲಿ ದೀಪ ಹತ್ತಿತು. ಎಷ್ಟು ಸುಲಭ! ತಮ್ಮ ಲೋಟಕ್ಕೇ ರಮ್ಮು ಹಾಕಿಕೊಂಡರೆ ಅದು ಬೀಗರಿಗೆ ಹೋಗುತ್ತದಲ್ಲ. ನಾಲ್ಕನೇ ಸುತ್ತಿಗೆ ಬಾಟಲಿಗಳನ್ನು ಅದಲುಬದಲು ಮಾಡಿ, ತಮ್ಮ ಲೋಟವನ್ನು ರಮ್ಮಿನಿಂದ ಅಂಚಿನವರೆಗೂ ತುಂಬಿ, ವಿಜಯದ ನಗೆಯಿಂದ ಚಾಚಿದರು.

ಚಲುವಯ್ಯ ಕೈಮುಗಿದರು. "ಪದ್ಧತಿ ಮೂರೇ ಸಲ ಬೀಗ್ರೇ. ಇನ್ಮೇಲೆ ಅವ್ರವ್ರ ಲೋಟ ಅವ್ರವ್ರೇ ಕುಡೀಬೇಕು."

ಅಂಕಯ್ಯನವರು ನೋಡುತ್ತಲೇ ಇದ್ದರು. ಮಹದೇವಪ್ಪನವರು ಅದನ್ನೂ ಕುಡಿದರು. ಆಮೇಲೆ ಹುಣಸೆಮರಕ್ಕೆ ಒಂದು ಉದ್ದನೆಯ ಭಾಷಣ ಮಾಡಿ, ಓಡುವವನು ಏಕೆ ಕುಡಿಯಬಾರದೆಂದು ಅದಕ್ಕೆ ಬುದ್ಧಿ ಹೇಳಿ, ಚಾಪೆಯ ಮೇಲೇ ಮಲಗಿದರು.

ಬೆಳಿಗ್ಗೆ ಕೆ.ಆರ್. ನಗರದಲ್ಲಿ ಸೀಟಿ ಊದಿದಾಗ ಅದು ಅವರ ತಲೆಯೊಳಗೇ ಊದಿದಂತಾಯಿತು. ಆದರೂ ಗಿಳಿಹಸಿರು ಶೂ ಮುಂದಿಟ್ಟರು. ಬಾಯಿ ಬ್ಯಾರನ್ನಿನಲ್ಲಿ ಬೇಯಿಸಿದ ಸೊಪ್ಪಿನಂತೆ ಒಣಗಿತ್ತು. ಎದೆ ತಮಟೆಯಂತೆ ಬಡಿಯುತ್ತಿತ್ತು, ಕಾಲು ಆ ತಾಳಕ್ಕೆ ಹೊಂದುತ್ತಿರಲಿಲ್ಲ. ನೀರು ಕಂಡಲ್ಲೆಲ್ಲ ನಿಂತು ಕುಡಿದರು, ಮರ ಕಂಡಲ್ಲೆಲ್ಲ ನಿಂತು ಅದನ್ನು ಇಳಿಸಿದರು. ವಾರಗಟ್ಟಲೆ ಮಜ್ಜಿಗೆ ಕುಡಿದು ಗಳಿಸಿದ್ದನ್ನೆಲ್ಲ ಒಂದೇ ಮಧ್ಯಾಹ್ನ ಕರಗಿಸಿಬಿಟ್ಟಿತ್ತು. ನಾಲೆಯ ಪಕ್ಕದ ರಸ್ತೆಯಲ್ಲಿ ಚಲುವಯ್ಯ ಹಿಂದಿನಿಂದ ಹಗುರವಾಗಿ ಬಂದು ಜೊತೆಯಾದರು.

"ಬೀಗ್ರೇ, ನಿನ್ನೆ ಟೀಗೆ ಏಲಕ್ಕಿ ಹಾಕ್ಸಿದ್ರಾ? ಭಾರಿ ಚೆನ್ನಾಗಿತ್ತು ಕಣ್ರೀ. ರಾತ್ರಿ ಒಳ್ಳೆ ನಿದ್ದೆ."

ಇಷ್ಟು ಹೇಳಿ ಗದ್ದೆಯ ತಿರುವಿನಲ್ಲಿ ಮರೆಯಾದರು. ಮಹದೇವಪ್ಪನವರು ಅಲ್ಲೇ ಮೈಲಿಗಲ್ಲಿನ ಮೇಲೆ ಕೂತರು. ಹಿಂದುಳಿದವರನ್ನು ತುಂಬಿಕೊಳ್ಳಲು ಬಂದ ಟ್ರ್ಯಾಕ್ಟರ್ ಟ್ರೈಲರಿನಲ್ಲಿ, ಬಾಳೆಹಣ್ಣಿನ ಗೊನೆಗಳ ನಡುವೆ ಚುಂಚನಕಟ್ಟೆಗೆ ಅವರ ಪ್ರವೇಶವಾಯಿತು. ದಾರಿಯ ಜನ ಚಪ್ಪಾಳೆ ತಟ್ಟಿದಾಗ ಅಭ್ಯಾಸಬಲದಿಂದ ಕೈ ಬೀಸಿದರು.

ನಾಮಕರಣ ಭೇರ್ಯದಲ್ಲಿ ನಡೆಯಿತು. ಮಹದೇವಪ್ಪನವರು ಮಾತಿನಂತೆ ಸುಮ್ಮನಿದ್ದರು. ಚಲುವಯ್ಯ ಮಗುವಿಗೆ ಚಲುವಯ್ಯನೆಂದೇ ಹೆಸರಿಡುತ್ತಾರೆಂದು ಅವರಿಗೆ ಖಾತ್ರಿಯಾಗಿತ್ತು. ಚಲುವಯ್ಯ ತೊಟ್ಟಿಲ ಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಉಸುರಿ, ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಮಹದೇವ."

ಮಹದೇವಪ್ಪನವರು ತೊಟ್ಟಿಲ ಹತ್ತಿರಕ್ಕೆ ನುಗ್ಗಿದರು. "ನನ್ ಹೆಸ್ರಾ ಬೀಗ್ರೇ?"

"ಊಂ. ಆ ಹೆಸ್ರಲ್ಲಿ ಒಬ್ರಾದ್ರೂ ಚುಂಚನಕಟ್ಟೆಗಂಟ ಓಡ್ಲಿ ಅಂತ."

ಜನ ನಕ್ಕರು. ನಗಲಿ ಬಿಡಿ, ಸೋತವನ ಹೆಸರನ್ನೇ ಗೆದ್ದವನು ಮೊಮ್ಮಗನಿಗಿಟ್ಟ ಸಂಗತಿ ಯಾರ ಮನೆಯಲ್ಲಿ ನಡೆದಿದೆ? ಮಹದೇವಪ್ಪನವರ ಎದೆ ಮತ್ತೆ ಹೊರಕ್ಕೆ ಬಂತು. ಊಟದ ಪಂಕ್ತಿಯ ನಡುವೆ ಎದ್ದು ನಿಂತು, ಈ ಹೆಸರಿನ ಹಿರಿಮೆ, ಈ ಹೆಸರು ಹೊತ್ತವರ ಶಿಸ್ತು, ಮಜ್ಜಿಗೆಯ ಮಹಿಮೆ ಎಂದು ಒಂದೇ ಸಮನೆ ಶುರು ಮಾಡಿದರು. ಆ ಗದ್ದಲಕ್ಕೆ ಮಗು ಎಚ್ಚರಗೊಂಡು ಕಿರುಚತೊಡಗಿತು.

ಸುನಂದಮ್ಮ ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗಳ ಕಡೆ ಕೈ ತೋರಿಸುತ್ತಿದ್ದರು. ಈಗ ತೊಟ್ಟಿಲ ಬಳಿ ಹೋದರು. ಮೊಮ್ಮಗನನ್ನು ನೋಡಿದರು. ಒಮ್ಮೆ ಪಂಕ್ತಿಯ ಕಡೆಗೂ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಷ್ಟು ವರ್ಷ ಕೂಡಿಟ್ಟಿದ್ದ ದನಿಯನ್ನೆಲ್ಲ ಒಟ್ಟು ಮಾಡಿ ಹೇಳಿದರು:

"ಲೋ ಮಾದೇವ, ನಿಂದು ಅತಿಯಾಯ್ತು. ಬಾಯ್ಮುಚ್ಕೊಂಡು ಮಲ್ಕೊ."

ಮಗು ಅಳು ನಿಲ್ಲಿಸಲಿಲ್ಲ. ಮಹದೇವಪ್ಪನವರು ಮಾತ್ರ ಥಟ್ಟನೆ ಕೂತು ಎಲೆಯ ಮೇಲಿದ್ದ ಪಾಯಸಕ್ಕೆ ಕೈ ಹಾಕಿದರು.