ನಾಡಿ ಹಿಡಿದು ಕೊಟ್ಟ ಪ್ರಶಸ್ತಿ

ಹಾಡು ಕೇಳಲು ಕಿವಿ ಬೇಕು ಎಂದು ನೀವು ನಂಬಿದ್ದರೆ, ನಮ್ಮ ಅತ್ತೆಯನ್ನು ನೀವು ನೋಡಿಯೇ ಇಲ್ಲ! ಆಕೆ ಹಾಡನ್ನು ಅಳೆಯುವುದು ಮಣಿಕಟ್ಟಿನಲ್ಲಿ. ಅದೂ ತನ್ನದಲ್ಲ, ಪಕ್ಕದಲ್ಲಿ ಕೂತವರದು!

ನನ್ನ ಅಪ್ಪನ ತಂಗಿ, ಭಾಲ್ಕಿಯಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದವಳು. ನಿವೃತ್ತಿಯಾಗಿ ಬೀದರಿಗೆ ಬಂದರೂ ಕೈ ಸುಮ್ಮನಿರಬೇಕಲ್ಲ? ಹಾಡು ಶುರುವಾದರೆ ಗಪ್ಪನೆ ನಮ್ಮ ಕೈ ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸುತ್ತಾಳೆ. ಬಡಿತ ಏರಿದರೆ ಹಾಡು ಪಾಸು. ಏರದಿದ್ದರೆ, "ಬಕವಾಸ್! ಬಂದ್ ಮಾಡ್ರಿ."

ಸಾಯಗಾಂವದ ಒಂದು ಮದುವೆಯಲ್ಲಿ ಬ್ಯಾಂಡ್ ಬಾರಿಸುತ್ತಿದ್ದಾಗ ವಧುವಿನ ತಂದೆಯ ಕೈಯನ್ನೇ ಹಿಡಿದುಬಿಟ್ಟಳು.

"ನೂರಾ ನಾಕು! ಬ್ಯಾಂಡ್ ಭಾರಿ ಅದ ನೋಡ್ರಿ."

"ಅದು ಬ್ಯಾಂಡಿಗಲ್ರಿ ಸಿಸ್ಟರ್. ಊಟ ಸಾಲ್ತದೋ ಇಲ್ಲೋ ಅಂತ ಎದಿ ಹೊಡ್ಕೊಳ್ಳಕತ್ತದ!"

ಇಂಥವಳ ಗಂಡ, ನಮ್ಮ ಮಾವ, ಚರ್ಚಿನ ಗಾಯನ ತಂಡದ ಮೊದಲ ದನಿ. ಎರಡು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಕೈಕಾಲಿಗೆ ಮತ್ತೆ ಶಕ್ತಿ ಬಂತು, ದನಿ ಬರಲಿಲ್ಲ. ಅತ್ತೆ ಟಿವಿಯಲ್ಲಿ ಬಂದ ಹಾಡನ್ನೆಲ್ಲ ಹಾಕಿ ಹಾಕಿ ಮಾವನ ನಾಡಿ ಹಿಡಿದಳು. ಒಬ್ಬ ಹೊಸ ಹುಡುಗನ ಹಾಡಿಗೆ ಮಾತ್ರ ಅದು ಜಿಗಿಯಿತು. ಮುಗೀತು! ಅಂದಿನಿಂದ ಆ ಹುಡುಗ ನಮ್ಮ ಮನೆಮಗ.

"ಈ ಸಲ ಟಿವಿಯವರ ಹಾಡಿನ ಪ್ರಶಸ್ತಿ ಇವಂದೇ. ಗೆದ್ದಾಂದ್ರ ದಿನಾ ಟಿವಿದಾಗ ಅದೇ ಹಾಡು ಹಾಕ್ತಾರ. ಕೇಳಿ ಕೇಳಿ ನಿಮ್ಮ ಮಾವನ ಬಾಯಿಗೂ ಬರ್ತದ."

"ನಾ ಫೋನಿನಾಗ ಹಾಕಿ ಕೊಡ್ಲೇನತ್ತಿ?"

"ಫೋನಿನ ಹಾಡು ಗುಳಿಗಿ ಇದ್ದಂಗೋ. ಟಿವಿ ಹಾಡು ಇಂಜೆಕ್ಷನ್!"

ಇದಕ್ಕೆ ಏನು ಹೇಳುತ್ತೀರಿ?

ಪ್ರಶಸ್ತಿ ಸಮಾರಂಭದ ಮರುಪ್ರಸಾರ ಭಾನುವಾರ ಮಧ್ಯಾಹ್ನ. ಚರ್ಚಿನಿಂದ ಬಂದವಳೇ ಅತ್ತೆ ಸೀರೆ ಸಹ ಬದಲಿಸದೆ ಟಿವಿ ಮುಂದೆ ಕೂತಳು. ಮಾವ ಆಗಲೇ ಮೂಲೆಯ ತನ್ನ ಕುರ್ಚಿಯಲ್ಲಿದ್ದ. ನನ್ನ ಕಷ್ಟ ಕೇಳಿ: ಯಾರು ಗೆದ್ದರೆಂದು ನಾನು ಹಿಂದಿನ ದಿನವೇ ಫೋನಿನಲ್ಲಿ ನೋಡಿದ್ದೆ. ಬಾಯಿ ಮುಚ್ಚಿಕೊಂಡು ಕೂತೆ. ಬಾಯಿ ಮುಚ್ಚಬಹುದು, ನಾಡಿ ಮುಚ್ಚಲಾದೀತೇ? ಹಿಡಿದೇಬಿಟ್ಟಳು!

"ನೂರಾ ಹತ್ತು! ಇನ್ನಾ ಹಾಡೇ ಶುರು ಆಗಿಲ್ಲ, ಹಿಂಗ್ಯಾಕ ಓಡ್ಲಕತ್ತದ?" ಎಂದು ನನ್ನ ಮುಖ ನೋಡಿದಳು. "ನಿನಗ ಗೊತ್ತದ! ಸೋತಾನೇನೋ?"

ನಾನು ಛಾವಣಿ ನೋಡಿದೆ. ಅಷ್ಟರಲ್ಲಿ ವೇದಿಕೆಯ ಮೇಲೆ ಬೇರೆ ಯಾರದೋ ಹೆಸರು ಕೂಗಿದರು.

"ಇದಕ್ಕ ಇನಾಮಾ? ಇದರ ಹಾಡಿಗಿ ಐಸಿಯುದಾಗ ಇದ್ದವನ ಬೆರಳೂ ಅಲ್ಲಾಡಲ್ಲ! ಮದ್ಲ ಆ ಜಡ್ಜ್‌ಗೋಳ ನಾಡಿ ನೋಡ್ರಿ, ಜೀವ ಅದನೋ ಇಲ್ಲೋ!" ರಿಮೋಟ್ ಒತ್ತಿದ ರಭಸಕ್ಕೆ ಅದರ ಸೆಲ್ಲುಗಳು ಹಾರಿ ದಿವಾನದ ಕೆಳಗೆ ಹೋದವು. ಟಿವಿ ಬಂದ್. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಸೆಲ್ಲು ಹುಡುಕುವ ನೆಪದಲ್ಲಿ ದಿವಾನದ ಕೆಳಗೆ ತಲೆ ಹಾಕಿದೆ.

ಆಗ ಕೇಳಿಸಿತು. ಮಾವನ ಕುರ್ಚಿಯ ಕಡೆಯಿಂದ. ಸೋತ ಹುಡುಗನ ಅದೇ ಹಾಡು. ಮಾತಿಲ್ಲ, ಬರೀ ಗುನುಗು. ರಾಗವೂ ಒಂದಿಷ್ಟು ಸೊಟ್ಟ. ಬೆರಳು ಮಾತ್ರ ಕುರ್ಚಿಯ ಕೈ ಮೇಲೆ ತಪ್ಪದೆ ತಾಳ ಹಾಕುತ್ತಿತ್ತು.

ಅತ್ತೆ ಎದ್ದು ಹೋಗಿ ಮಾವನ ಮಣಿಕಟ್ಟು ಹಿಡಿದಳು. ಗಡಿಯಾರ ನೋಡಿದಳು. ತುಟಿಗಳು ಅಲ್ಲಾಡಿದವು.

"ಎಷ್ಟತ್ತಿ?" ಎಂದೆ.

"ಸುಮ್ ಕೂಡೋ. ಲೆಕ್ಕಾ ತಪ್ತು."

ಕೈ ಮಾತ್ರ ಬಿಡಲಿಲ್ಲ.